ಮೇಲಿನ ತೂತಿಗೆ ಬಿಗಿದ ಸರಪಳಿ

ಕ್ಲಚ್ ಪ್ಲೇಟು ಸುಟ್ಟ ವಾಸನೆಯನ್ನು ನಾನು ಅರ್ಧ ಮೈಲಿ ದೂರದಿಂದಲೇ ಹಿಡಿಯುತ್ತೇನೆ. ಇದನ್ನು ಜಂಭ ಅಂದುಕೊಳ್ಳಬೇಡಿ. ಜಂಭದ ಮಾತು ಮುಂದೆ ಬರುತ್ತದೆ, ಅವಸರ ಬೇಡ. ಹೋದ ಬೇಸಿಗೆಯಲ್ಲಿ ಐನಾಪುರದ ಬೀಗರ ಮನೆಯಲ್ಲಿ ಹೊಟ್ಟೆ ಬಿರಿಯುವಂತೆ ಉಂಡು ಶೇಡಬಾಳಕ್ಕೆ ಹೊರಟವನ ಮೂಗಿಗೆ ಅದು ಬಡಿಯಿತು. ಸುಟ್ಟ ಪ್ಲೇಟು, ಕಾದ ಕಬ್ಬಿಣ, ಅದರ ಬೆನ್ನಿಗೇ ಕಬ್ಬಿನ ಒಣಗರಿಯ ರವದಿ ಉರಿದ ಹೊಗೆ. ಕಟಾವು ಮುಗಿದ ಹೊಲವೊಂದರಲ್ಲಿ ಎರಡು ಟ್ರ್ಯಾಕ್ಟರುಗಳು ಬೆನ್ನಿಗೆ ಬೆನ್ನು ಮಾಡಿ ನಿಂತಿದ್ದವು, ನಡುವೆ ಸರಪಳಿ. ಸುತ್ತ ಸಾವಿರ ಜನ, ಸಾವಿರ ಮೊಬೈಲು. ನನ್ನ ಕಾಲು ತಾನಾಗಿಯೇ ಆ ಕಡೆ ತಿರುಗಿತು. ಹೊಟ್ಟೆ ಮಾತ್ರ ಬೇಡ ಎಂದಿತು. ಹೊಟ್ಟೆಯ ಮಾತನ್ನು ನಾನು ಮೂವತ್ತು ವರ್ಷದ ಹಿಂದಿನ ಒಂದು ಬೇಸಿಗೆಯಲ್ಲಿ ಕೇಳಿದ್ದೆ. ಆ ಬೇಸಿಗೆಯ ಕಥೆಯೇ ಇದು.

ನನ್ನ ನಿಜವಾದ ಹೆಸರು ರೇಶನ್ ಕಾರ್ಡಿಗೆ ಮಾತ್ರ ಗೊತ್ತು. ಚಿಕ್ಕೋಡಿಯಿಂದ ಅಥಣಿಯವರೆಗೆ ನಾನು ಹಾಂಡೆ ದಾದಾ. ತೊಂಬತ್ತರ ದಶಕದ ಆರಂಭದಲ್ಲಿ ನನ್ನ ತೂಕ ಒಂದು ಕ್ವಿಂಟಲ್ ಹತ್ತು ಕಿಲೋ. ಬೆಲ್ಲದ ಅಡತಿ ಅಂಗಡಿಯ ತಕ್ಕಡಿಯಲ್ಲಿ ಎಲ್ಲರೆದುರು ಕೂತು ತೂಗಿಸಿಕೊಂಡದ್ದು. ಆಗ ನಮ್ಮ ಕಡೆ ಟ್ರ್ಯಾಕ್ಟರ್ ಜಗ್ಗುವ ಪಂದ್ಯ ಹೊಸ ಹುಚ್ಚು. ಎರಡು ಗಾಡಿಗಳ ಬೆನ್ನಿಗೆ ಸರಪಳಿ ಬಿಗಿದು, ನಡುವೆ ಸುಣ್ಣದ ಗೆರೆ ಎಳೆಯುತ್ತಿದ್ದರು. ಸೀಟಿ ಊದಿದ ಕೂಡಲೇ ಇಬ್ಬರೂ ತಮ್ಮ ತಮ್ಮ ಮುಂದಕ್ಕೆ ಬಿಡಬೇಕು. ಯಾರ ಗಾಡಿ ಹಿಂದಕ್ಕೆ ಜಾರಿ ಗೆರೆ ಮುಟ್ಟಿತೋ ಅವರು ಸೋತಂತೆ. ಜಗ್ಗುವಾಗ ಗಾಡಿಯ ಮೂತಿ ಮೇಲೇಳುತ್ತದೆ. ಏಳದಂತೆ ಬಾನೆಟ್ಟಿನ ಮೇಲೆ, ಬಂಪರಿನ ಮೇಲೆ ಊರಿನ ದಪ್ಪ ಮಂದಿಯನ್ನು ಕೂರಿಸುವುದು ನಮ್ಮಲ್ಲಿ ಪದ್ಧತಿ. ದಪ್ಪ ಅಳಿಯ ಸಿಕ್ಕ ಮಾವ ಆ ಕಾಲದಲ್ಲಿ ಎದೆ ಸೆಟೆಸಿ ನಡೆಯುತ್ತಿದ್ದ. ಇನ್ನು ನನ್ನಂಥವನ ಬೆಲೆ ಕೇಳಬೇಕೆ? ಮೂರು ಊರಿನ ಮಾಲೀಕರು ಜೀಪು ತಂದು ನನ್ನನ್ನು ಮನೆಯಿಂದ ಕರೆದೊಯ್ಯುತ್ತಿದ್ದರು, ಮದುವೆ ಗಂಡಿನ ಹಾಗೆ.

ತೂಕದ ಜೊತೆಗೆ ನನಗೆ ಇನ್ನೊಂದು ಕೀರ್ತಿ ಇತ್ತು, ಚೇಷ್ಟೆಯದು. ಖಾಕಿ ಅಂಗಿ ತೊಟ್ಟು ಮಿರಜ ಬಸ್ಸು ಹತ್ತಿ, ಕಂಡಕ್ಟರನ ಸಮೇತ ಎಲ್ಲರ ಟಿಕೇಟು ತಪಾಸಣೆ ಮಾಡಿ ಇಳಿದು ಬಂದವನು ನಾನು. ಪೋಸ್ಟ್‌ಮನ್ನನ ಸೈಕಲ್ಲಿನ ಸೀಟಿನ ಕೆಳಗೆ ಆಡಿನ ಗಂಟೆ ಕಟ್ಟಿದ್ದೆ. ಎಂಟು ದಿನ ಅವನು ಹಿಂದೆ ತಿರುಗಿ ತಿರುಗಿ ಆಡು ಹುಡುಕಿದ. ಚೇಷ್ಟೆಗೆ ನನ್ನದೇ ಒಂದು ನಿಯಮವಿತ್ತು. ಹೇಳಿದ ಸುಳ್ಳನ್ನು ಕೂಡಲೇ ಒಡೆಯಬಾರದು, ಮಾವಿನಕಾಯಿಯ ಹಾಗೆ ಹುಲ್ಲಿನಲ್ಲಿಟ್ಟು ಹಣ್ಣು ಮಾಡಬೇಕು. ಆ ನಿಯಮದ ಬಗ್ಗೆ ನನಗೆ ಬಹಳ ಹೆಮ್ಮೆ ಇತ್ತು.

ಆ ವರ್ಷ ನೀರು ಕಡಿಮೆಯಾಗಿ ಕಬ್ಬು ಸಣ್ಣದಾಗಿತ್ತು. ಕಾರ್ಖಾನೆಗಳು ಶಿವರಾತ್ರಿಯ ಹೊತ್ತಿಗೇ ಭೋಂಗಾ ಊದಿ ಬಾಗಿಲು ಹಾಕಿದವು. ಟ್ರ್ಯಾಕ್ಟರುಗಳಿಗೂ ಡ್ರೈವರುಗಳಿಗೂ ಕೆಲಸವಿಲ್ಲ. ಬಿಸಿಲು ಬೇರೆ ಎಂದೂ ಕಾಣದಂಥದು. ಮಧ್ಯಾಹ್ನ ಸುಳಿಗಾಳಿ ಎದ್ದು ರವದಿಯ ಕರಿಬೂದಿಯನ್ನು ಕಂಬದಂತೆ ನಿಲ್ಲಿಸುತ್ತಿತ್ತು. ಸಂಜೆಗೆ ಕೃಷ್ಣೆಯ ಆಚೆ ಗುಡುಗು ಕೇಳಿಸುತ್ತಿತ್ತು, ಮಳೆ ಮಾತ್ರ ಬರುತ್ತಿರಲಿಲ್ಲ. ಖಾಲಿ ಕೂತ ಮಂದಿ ಊರೂರಿಗೆ ಜಗ್ಗುವ ಪಂದ್ಯ ಇಟ್ಟರು. ಕೊನೆಯ ದೊಡ್ಡ ಪಂದ್ಯ ಐನಾಪುರದಲ್ಲಿ, ಗೆದ್ದವರಿಗೆ ಬೆಳ್ಳಿಯ ಢಾಲು ಎಂದು ಗೊತ್ತಾಯಿತು.

ಐನಾಪುರದ ಅಣ್ಣಾಸಾಹೇಬರಿಗೆ ಕಬ್ಬೂ ಇತ್ತು, ದ್ರಾಕ್ಷಿಯೂ ಇತ್ತು, ಇಲ್ಲದ್ದು ಆ ಢಾಲು ಒಂದೇ. ಅವರ ಗಾಡಿಗೆ ಹೊಸ ಡ್ರೈವರ್ ಬಂದಿದ್ದ, ಅಲಖನೂರಿನ ಸಿದ್ರಾಮ. ಮೂವತ್ತರ ಒಳಗಿನ ಕಡ್ಡಿಯಂಥ ಮನುಷ್ಯ. ಹೆಂಡತಿ ಶಾಂತಾಳ ಜೊತೆ ಹೊಲದ ಮನೆಯಲ್ಲೇ ಇದ್ದ. ಕಬ್ಬಿನ ಟ್ರಾಲಿ ಜಗ್ಗುವುದರಲ್ಲಿ ಅವನನ್ನು ಸರಿಗಟ್ಟುವವರಿರಲಿಲ್ಲ. ಆದರೆ ಅವನಲ್ಲಿ ನನಗೆ ಸಹಿಸಲಾಗದ ಒಂದು ದೋಷವಿತ್ತು: ಅವನು ನಗುತ್ತಿರಲಿಲ್ಲ. ಐನಾಪುರದ ಬಸ್‌ಸ್ಟ್ಯಾಂಡಿನ ಚಹಾದ ಅಂಗಡಿಯಲ್ಲಿ ನಾನು ಬಾಯಿ ತೆರೆದರೆ ಬೆಂಚು ಅಲುಗುವಂತೆ ಮಂದಿ ನಗುತ್ತಿದ್ದರು. ಸಿದ್ರಾಮ ಮಾತ್ರ ತಲೆ ಬಾಗಿಸಿ ಹೌದ್ರಿ, ಹೌದ್ರಿ ಎನ್ನುತ್ತಿದ್ದ. ಖಾಕಿ ಅಂಗಿಯ ಕಥೆ ಹೇಳಿದಾಗ, ನೀವು ಬಸ್ಸಿನ ಇಲಾಖೆಯಲ್ಲೂ ನೌಕರಿ ಮಾಡಿದ್ದಿರೇನು ಎಂದು ಗೌರವದಿಂದ ಕೇಳಿದ. ಅವನು ಬೇರೆ ತಾಲ್ಲೂಕಿನವನು. ನಾನು ಎಂಥವನೆಂದು ಅವನಿಗೆ ಯಾರೂ ಹೇಳಿರಲಿಲ್ಲ.

ಒಂದು ಮುಂಜಾನೆ ಅವನು ನನ್ನ ಬೆಂಚಿನ ತುದಿಗೆ ಬಂದು ಕೂತ. ಅಂಗಡಿಯಲ್ಲಿ ಏಳೆಂಟು ಜನ ಇದ್ದರು.

“ದಾದಾ, ನಾ ಟ್ರಾಲಿ ಬಿಟ್ರ ಬ್ಯಾರೆ ಏನೂ ಜಗ್ಗಿಲ್ರಿ. ಪಂದ್ಯದಾಗ ಸರಪಳಿ ಎಲ್ಲಿ ಬಿಗೀಬೇಕ್ರಿ?”

ಟ್ರ್ಯಾಕ್ಟರಿನ ಹಿಂಭಾಗವನ್ನು ಒಮ್ಮೆ ಕಣ್ಣ ಮುಂದೆ ತಂದುಕೊಳ್ಳಿ. ಕೆಳಗೆ, ಮೊಣಕಾಲಿನ ಎತ್ತರದಲ್ಲಿ, ಟ್ರಾಲಿ ಸಿಕ್ಕಿಸುವ ದಪ್ಪ ಕಬ್ಬಿಣದ ಪಟ್ಟಿ. ಮೇಲೆ, ಸೀಟಿನ ಬೆನ್ನಿಗೆ, ನೇಗಿಲಿನ ಮೇಲ್ತೋಳು ಕೂರಿಸುವ ಒಂದು ತೂತು. ಜಗ್ಗುವವರು ಸರಪಳಿಯನ್ನು ಕೆಳಗೇ ಬಿಗಿಯುತ್ತಾರೆ. ಮೇಲೆ ಬಿಗಿದು ಜಗ್ಗಿದರೆ ಗಾಡಿ ಹಿಂದಕ್ಕೆ ಮಗುಚುತ್ತದೆ ಎಂಬುದು ಪಂದ್ಯ ನೋಡಿದ ಎಲ್ಲರಿಗೂ ಗೊತ್ತು. ಟ್ರಾಲಿ ಡ್ರೈವರನಿಗೆ ಆ ಪ್ರಶ್ನೆಯೇ ಬರುವುದಿಲ್ಲ, ಟ್ರಾಲಿಗೆ ಇರುವ ಜಾಗ ಒಂದೇ.

ನಾನು ಬೀಡಿ ಆರಿಸಿದೆ. ಮುಖವನ್ನು ಮಠದ ಸ್ವಾಮಿಯಂತೆ ಮಾಡಿಕೊಂಡೆ. “ಕೆಳಗ ಎಲ್ಲಾರೂ ಬಿಗೀತಾರಪಾ. ಗೆಲ್ಲಾವ್ರು ಮ್ಯಾಲಿನ ತೂತಿಗೆ ಬಿಗೀತಾರ. ಹಿಂದಿನ ಗಾಲಿ ನೆಲಾ ಕಚ್ಚಿ ಹಿಡೀತಾವ ನೋಡು. ಯಾರ ಮುಂದೂ ಹೇಳಬ್ಯಾಡ.”

ಹಿಂದಿನ ಬೆಂಚಿನಲ್ಲಿ ಒಬ್ಬನಿಗೆ ಚಹಾ ಮೂಗಿಗೆ ಹತ್ತಿತು. ಸಿದ್ರಾಮ ಎದ್ದು ಕೈ ಮುಗಿದು ಹೋದ. ನನ್ನ ಯೋಜನೆ ಇಷ್ಟೇ: ಮರುದಿನ ಹೊಲದಲ್ಲಿ ತಾಲೀಮು ಮಾಡುತ್ತಾನೆ, ಮೂತಿ ಗೇಣುದ್ದ ಎದ್ದ ಕೂಡಲೇ ಹೆದರಿ ಕ್ಲಚ್ ಒತ್ತುತ್ತಾನೆ, ಬಂದು ನನಗೆ ಬೈಯುತ್ತಾನೆ, ಕೊನೆಗೆ ತಾನೂ ನಗುತ್ತಾನೆ. ಒಂದು ದಿನ ಹುಲ್ಲಿನಲ್ಲಿಟ್ಟರೆ ಸಾಕಿತ್ತು.

ಮರುದಿನ ನಾವೆಲ್ಲ ನೋಡಲು ಹೋದೆವು. ಬದುವಿನ ಮೇಲೆ ಹಳೆಯ ಜಾಲಿಯ ಬೊಡ್ಡೆಯೊಂದಿತ್ತು. ಅಣ್ಣಾಸಾಹೇಬರ ಆಳುಗಳು ಎರಡು ವರ್ಷದಿಂದ ಅದನ್ನು ಕೀಳಲು ಹೆಣಗಿದ್ದರು. ಸಿದ್ರಾಮ ಅದಕ್ಕೆ ಸರಪಳಿ ಸುತ್ತಿ, ಇನ್ನೊಂದು ತುದಿಯನ್ನು ಮೇಲಿನ ತೂತಿಗೆ ಬಿಗಿದ. ಗಾಡಿ ಗುರುಗುಟ್ಟಿತು, ಮೂತಿ ಗೇಣುದ್ದ ಎದ್ದಿತು, ನಾನು ನಗಲು ಬಾಯಿ ತೆರೆದೆ. ಅಷ್ಟರಲ್ಲಿ ಬೊಡ್ಡೆ ಬೇರು ಸಮೇತ ಕಿತ್ತು ಬಂತು. ಮುಂದಿನ ಭಾರವೆಲ್ಲ ಹಿಂದಿನ ಗಾಲಿಗೆ ಬಂದಿತ್ತು, ಗಾಲಿ ನಿಜವಾಗಿಯೂ ನೆಲ ಕಚ್ಚಿತ್ತು. ನನ್ನ ಸುಳ್ಳಿನಲ್ಲಿ ಅರ್ಧ ನಿಜ ಇದ್ದದ್ದು ನನಗೇ ಗೊತ್ತಿರಲಿಲ್ಲ. ಸಿದ್ರಾಮ ಇಳಿದು ಬಂದು, ಎಣ್ಣೆಯ ಕೈಯಿಂದಲೇ ನನ್ನ ಕಾಲು ಮುಟ್ಟಿದ. ಅಂಗಡಿಯ ಗೆಳೆಯರು ನನ್ನ ಮುಖ ನೋಡಿದರು. ಆಗ ಹೇಳಿಬಿಡಬೇಕಿತ್ತು. ನಾನು ಮೀಸೆ ತಿರುವಿ, ಹೇಳಿದ್ದಿಲ್ಲೇನು ಎಂದೆ.

ಅಲ್ಲಿಂದ ಮುಂದೆ ಎಲ್ಲ ಬೇಗ ಬೇಗ ಆಯಿತು. ರಾಯಬಾಗದಲ್ಲಿ ಗೆದ್ದೆವು. ಚಿಕ್ಕೋಡಿಯಲ್ಲಿ ನಮಗಿಂತ ದೊಡ್ಡ ಗಾಡಿಯನ್ನು ಎಳೆದು ಬಿಸಾಕಿದೆವು. ಮಗುಚೀತು ಎಂದು ಗೊಣಗಿದವರೂ ಗೆದ್ದ ಗಾಡಿ ನೋಡಿ ಬಾಯಿ ಮುಚ್ಚಿದರು. ಗೆದ್ದೆವು ಅಂದರೆ, ಸಿದ್ರಾಮ ಸ್ಟೇರಿಂಗಿನಲ್ಲಿ, ನಾನು ಮೂತಿಯ ಮೇಲೆ. ನಾನು ಹೋದಲ್ಲೆಲ್ಲ ಇದು ನನ್ನ ಕಟ್ಟು, ನನ್ನ ಬುದ್ಧಿ ಎಂದು ಹೇಳಿಕೊಂಡು ತಿರುಗಿದೆ. ಚಿಕ್ಕೋಡಿಯಲ್ಲಿ ಅಣ್ಣಾಸಾಹೇಬರು ನನ್ನ ತಲೆಗೆ ಗುಲಾಬಿ ಫೇಟಾ ಸುತ್ತಿಸಿ, ಮೈಕಿನಲ್ಲಿ ನನ್ನನ್ನು ಜಗ್ಗುವ ವಿದ್ಯೆಯ ಗುರುಗಳು ಎಂದರು. ಮಂದಿ ಚಪ್ಪಾಳೆ ತಟ್ಟಿದರು. ಜೀವನದಲ್ಲಿ ಮೊದಲ ಬಾರಿ ಮಂದಿ ನನ್ನನ್ನು ನೋಡಿ ನಗದೆ ಚಪ್ಪಾಳೆ ತಟ್ಟಿದ್ದು. ಅದರ ರುಚಿಯೇ ಬೇರೆ ಇತ್ತು.

ಆದರೆ ಮೂತಿಯ ಮೇಲೆ ಕೂತವನಿಗೆ ಗೊತ್ತಾಗುತ್ತದೆ. ತಾಲೀಮಿನಲ್ಲಿ ಗೇಣುದ್ದ ಎದ್ದದ್ದು ರಾಯಬಾಗದಲ್ಲಿ ಮೊಣಕಾಲಿಗೆ ಬಂತು. ಚಿಕ್ಕೋಡಿಯಲ್ಲಿ ನನ್ನ ಜೊತೆ ಇನ್ನೂ ಮೂವರು ಕೂತಿದ್ದರೂ ಸೊಂಟದೆತ್ತರಕ್ಕೆ ಎದ್ದಿತು. ಒಂದು ಗಳಿಗೆ ನನಗೆ ಹೊಲ ಕಾಣಿಸಲಿಲ್ಲ, ಮಂದಿ ಕಾಣಿಸಲಿಲ್ಲ, ಬಿಳಿ ಆಕಾಶವೊಂದೇ ಕಂಡಿತು. ಬೆನ್ನ ಹಿಂದೆ ಸರಪಳಿ ಗುಂಯ್ ಎನ್ನುತ್ತಿತ್ತು. ಇಳಿದ ಮೇಲೆ ನನ್ನ ಅಂಗೈ ಬಿಚ್ಚಲು ಇಬ್ಬರು ಬೇಕಾದರು. ಅದನ್ನೂ ಒಂದು ತಮಾಷೆ ಮಾಡಿ ಹೇಳಿದೆ.

ಚಿಕ್ಕೋಡಿಯ ಜಗ್ಗಾಟದಲ್ಲಿ ಮೇಲಿನ ತೂತಿನ ಪಿನ್ನು ಬಾಗಿತ್ತು. ಅದನ್ನು ದಪ್ಪ ಮಾಡಿಸಲು ಗಾಡಿಯನ್ನು ನಿಪ್ಪಾಣಿಯ ಬಾಬು ಮಿಸ್ತ್ರಿಯ ಗ್ಯಾರೇಜಿಗೆ ಒಯ್ದೆವು. ಪಕ್ಕದ ವಖಾರಿಯಿಂದ ತಂಬಾಕಿನ ಘಾಟು ಬರುತ್ತಿತ್ತು. ಮಿಸ್ತ್ರಿ ಮುದುಕ, ಕಡಿಮೆ ಮಾತಿನವನು. ಬಾಗಿದ ಪಿನ್ನನ್ನು ಬಹಳ ಹೊತ್ತು ಕೈಯಲ್ಲಿ ತಿರುಗಿಸಿ ನೋಡಿದ.

“ಇಲ್ಲಿ ಸರಪಳಿ ಬಿಗ್ಯಾಕ ಹೇಳಿದಾವ ಹುಚ್ಚ ಇರಬೇಕು,” ಎಂದ, “ಇಲ್ಲಾ ಈ ಡ್ರೈವರನ ವೈರಿ ಇರಬೇಕು.”

ಸಿದ್ರಾಮ ನನ್ನ ಕಡೆ ನೋಡಿದ. ಅವನ ಮುಖದಲ್ಲಿ ಸಂಶಯ ಇರಲಿಲ್ಲ. ಗುರುವಿಗೆ ಯಾರೋ ಅವಮಾನ ಮಾಡಿದರಲ್ಲ ಎಂಬ ಸಂಕಟ ಇತ್ತು. ಇದು ದಾದಾ ಹೇಳಿಕೊಟ್ಟದ್ದು, ಮೂರು ಸಲ ಖಾತ್ರಿಯಾಗಿದೆ ಎಂದು ಮಿಸ್ತ್ರಿಗೆ ತಿಳಿಸಿ ಹೇಳಿದ. ಮಿಸ್ತ್ರಿ ನನ್ನ ಗುಲಾಬಿ ಫೇಟಾವನ್ನು ಒಮ್ಮೆ ನೋಡಿ, ಕನ್ನಡಕ ಹಾಕಿಕೊಂಡು ವೆಲ್ಡಿಂಗಿಗೆ ಕೂತ. ನಾನು ಬೆಳಕಿಗೆ ಕಣ್ಣು ಮುಚ್ಚಿಕೊಂಡು ನಿಂತೆ. ಪಿನ್ನು ಬಾಗುತ್ತಿದ್ದಷ್ಟು ದಿನ ಅದು ಮೊದಲು ಮುರಿದು ಸಿದ್ರಾಮನನ್ನು ಉಳಿಸುವ ಸಂಭವವಾದರೂ ಇತ್ತು. ಅದನ್ನೂ ನಾವು ಮುರಿಯದಂತೆ ಮಾಡಿಸಿಕೊಂಡು ಬಂದೆವು.

ಐನಾಪುರದ ಪಂದ್ಯಕ್ಕೆ ಎರಡು ದಿನ ಇತ್ತು. ಎದುರಾಳಿ ಅಥಣಿಯ ಕಡೆಯ ಗಾಡಿ, ಆ ಬೇಸಿಗೆಯಲ್ಲಿ ಸೋಲನ್ನೇ ಕಾಣದ್ದು. ನನಗೆ ಊಟ ಸೇರುತ್ತಿರಲಿಲ್ಲ. ನಾನು ಊಟ ಬಿಟ್ಟ ಸುದ್ದಿ ಕೇಳಿ ಊರಿನವರು ಇದೇನು ಹೊಸ ಚೇಷ್ಟೆ ಎಂದು ನಕ್ಕರು. ಸಂಜೆ ಸೈಕಲ್ ಹತ್ತಿ ಹೊಲದ ಮನೆಗೆ ಹೋದೆ. ಹೇಳಿಬಿಡುವುದೆಂದೇ ಹೋದೆ, ಆಣೆ ಮಾಡುತ್ತೇನೆ. ಸಿದ್ರಾಮ ಟ್ರ್ಯಾಕ್ಟರಿನ ಹಿಂದೆ ಕುಕ್ಕರಗಾಲಲ್ಲಿ ಕೂತು ಹೊಸ ಪಿನ್ನಿಗೆ ಗ್ರೀಸು ಹಚ್ಚುತ್ತಿದ್ದ, ಎಳೆಗೂಸಿಗೆ ಎಣ್ಣೆ ಹಚ್ಚುವಷ್ಟು ಜೋಪಾನವಾಗಿ. ಶಾಂತಾ ಬಿಸಿ ರೊಟ್ಟಿ, ಶೇಂಗಾ ಹಿಂಡಿ ತಂದು ಕೊಟ್ಟಳು. ತಲೆಯ ಮೇಲಿನ ಸೆರಗು ಸರಿಮಾಡಿಕೊಂಡು ಹೇಳಿದಳು:

“ಗಾಡಿ ಏಳೂದು ನೋಡಿದ್ರ ಜೀವ ಹಾರ್ತೈತ್ರಿ ದಾದಾ. ಆದ್ರ ಮುಂದ ನೀವು ಕುಂತಿರ್ತೀರಲ್ರಿ, ಅದಕ್ಕ ಸುಮ್ಮಕಿರ್ತೀನಿ.”

ಕಡಿದ ರೊಟ್ಟಿಯನ್ನು ತಾಟಿನಲ್ಲಿ ಇಟ್ಟೆ. ಆ ಪಿನ್ನು, ಆ ಫೇಟಾ, ಕಾಲು ಮುಟ್ಟಿದ ಆ ಕೈ ಎಲ್ಲದರ ಎದುರು, ಅದೊಂದು ಚಹಾದ ಅಂಗಡಿಯ ಚೇಷ್ಟೆ ಎಂದು ಹೇಗೆ ಹೇಳುವುದು? ನೀರು ಕುಡಿದು ಎದ್ದು ಬಂದೆ. ದಾರಿಯಲ್ಲಿ ನನಗೊಂದು ಉಪಾಯ ಹೊಳೆಯಿತು. ಚೇಷ್ಟೆಗಾರನಿಗೆ ಹೊಳೆಯುವ ಉಪಾಯವೂ ಚೇಷ್ಟೆಯದೇ. ನಾನಿಲ್ಲದೆ ಈ ಗಾಡಿ ಜಗ್ಗುವುದಿಲ್ಲ ಎಂದು ಹೋದಲ್ಲೆಲ್ಲ ಡಂಗುರ ಹೊಡೆದವನು ನಾನೇ. ಹಾಗಾದರೆ ನಾನು ಕೂರದಿದ್ದರೆ ಸಿದ್ರಾಮ ಜಗ್ಗುವುದಿಲ್ಲ. ಪಂದ್ಯ ತಪ್ಪುತ್ತದೆ, ಅವನು ಉಳಿಯುತ್ತಾನೆ, ಜೊತೆಗೆ ನನ್ನ ಫೇಟಾವೂ ಉಳಿಯುತ್ತದೆ.

ಪಂದ್ಯದ ದಿನ ಮಧ್ಯಾಹ್ನ ಗಾಳಿ ಪೂರ್ತಿ ನಿಂತಿತ್ತು. ಪಡುವಣಕ್ಕೆ ಮೋಡ ತಾಮ್ರದ ಬಣ್ಣಕ್ಕೆ ತಿರುಗಿತ್ತು. ಅಣ್ಣಾಸಾಹೇಬರ ಗಾಡಿಗೆ ನಿಂಬೆಹಣ್ಣು ಕಟ್ಟಿ, ಕುಂಕುಮ ಹಚ್ಚಿ ಗೆರೆಯ ಹತ್ತಿರ ತಂದರು. ಆಗ ನಾನು ಹೊಟ್ಟೆ ಹಿಡಿದುಕೊಂಡೆ. ಹೊಟ್ಟೆ ಕೆಟ್ಟಿದೆ, ಬಂದೆ ಬಂದೆ ಎಂದು ನೀರಿನ ಚರಿಗೆ ಹಿಡಿದು ಪಕ್ಕದ ಬೆಳೆ ನಿಂತ ಕಬ್ಬಿನೊಳಗೆ ಹೊಕ್ಕೆ. ಮಂದಿ ಹೋ ಎಂದು ನಕ್ಕರು. ಇಪ್ಪತ್ತು ಸಾಲು ದಾಟಿ, ಚರಿಗೆ ಪಕ್ಕಕ್ಕಿಟ್ಟು, ಮಣ್ಣಿನ ಮೇಲೆ ಕೂತೆ.

ಒಳಗೆ ಏನೂ ಕಾಣುತ್ತಿರಲಿಲ್ಲ. ಕೇಳುತ್ತಿತ್ತು. ಮೈಕಿನವನು ನನ್ನ ಹೆಸರು ಹಿಡಿದು ಕರೆದ. ಗುರುಗಳು ಬೇಗ ಹಗುರಾಗಿ ಬರಬೇಕು, ಆದರೆ ಬಹಳ ಹಗುರಾಗಬಾರದು ಎಂದ, ಅದಕ್ಕೆ ನಗು. ಇನ್ನೊಮ್ಮೆ ಕರೆದ. ಮೂರನೆಯ ಸಲ ಕರೆದಾಗ ನಗು ಕಡಿಮೆಯಾಗಿತ್ತು. ಎದುರಾಳಿಯವರು ಹೊತ್ತಾಯಿತೆಂದು ಗಲಾಟೆ ಮಾಡಿದರು. ಈಗ ನಿಲ್ಲಿಸುತ್ತಾರೆ, ಈಗ ನಿಲ್ಲಿಸುತ್ತಾರೆ ಎಂದು ನಾನು ಬೆವರುತ್ತ ಕಾದೆ. ಆಗ ಮೈಕಿನಲ್ಲಿ ಬಂತು, ಹಾಂಡೆ ದಾದಾರ ತೂಕದಷ್ಟು ಮರಳಿನ ಚೀಲಗಳನ್ನು ಮುಂದೆ ಇಟ್ಟು ಸಿದ್ರಾಮ ಜಗ್ಗುತ್ತಾನೆ. ನಾನಿಲ್ಲದ ಮೂತಿಯ ಮೇಲೆ ಕೂರಲು ಉಳಿದ ಮೂವರೂ ಹೆದರಿದ್ದರಂತೆ. ಅವರ ಬದಲಿಗೂ ಚೀಲಗಳೇ.

ಚೀಲ. ಮನುಷ್ಯ ಮೂತಿ ಎದ್ದಾಗ ಹಿಡಿದುಕೊಳ್ಳುತ್ತಾನೆ. ಚೀಲ ಜಾರುತ್ತದೆ. ತೂಕ ಬೇಕಾದ ಗಳಿಗೆಯಲ್ಲೇ ತೂಕ ಇಲ್ಲವಾಗುತ್ತದೆ. ಇದು ನನಗೆ ಹೊಳೆಯುವುದಕ್ಕೂ ಸೀಟಿ ಊದುವುದಕ್ಕೂ ಸರಿಹೋಯಿತು. ಎದ್ದು ಓಡಿದೆ. ರವದಿ ಕಾಲಿಗೆ ತೊಡರಿತು, ಗರಿಗಳು ಮುಖ ಕೊಯ್ದವು, ಫೇಟಾ ಒಂದು ಕಬ್ಬಿಗೆ ಸಿಕ್ಕಿ ಹಿಂದೆ ಬಿಚ್ಚುತ್ತ ಬಂತು. ಎರಡು ಎಂಜಿನ್ನುಗಳ ಗರ್ಜನೆ, ನಡುವೆ ಸರಪಳಿಯ ಗುಂಯ್. ಆಮೇಲೆ ಧಪ್ ಧಪ್ ಎಂದು ಚೀಲಗಳು ಬಿದ್ದ ಸದ್ದು. ಸರಪಳಿ ಸುಮ್ಮನಾಯಿತು. ನಂತರ ಒಂದೇ ಎಂಜಿನ್ನು ಕಿರುಚತೊಡಗಿತು, ನೆಲ ಸಿಗದ ಗಾಲಿ ತಿರುಗುವಾಗ ಕಿರುಚುತ್ತದಲ್ಲ ಹಾಗೆ.

ಗಾಡಿ ಬೆನ್ನಡಿಯಾಗಿ ಬಿದ್ದಿತ್ತು. ನೀರು ಹಾಯಿಸುವ ಹಳೆಯ ಹರಿಯೊಂದು ಅಲ್ಲಿ ಇದ್ದದ್ದರಿಂದ ಸಿದ್ರಾಮ ಆ ತಗ್ಗಿನಲ್ಲಿ ಸೇರಿದ್ದ. ಎಡಗಾಲು ಮಾತ್ರ ಮಡ್‌ಗಾರ್ಡಿನ ಕೆಳಗೆ. ಅಥಣಿಯ ಡ್ರೈವರ್ ಅದೇ ಸರಪಳಿಯ ನಮ್ಮ ತುದಿಯನ್ನು ಬಿಚ್ಚಿ, ಮಗುಚಿದ ಗಾಡಿಯ ಗಾಲಿಗೆ ಸುತ್ತಿ, ತನ್ನ ಗಾಡಿಯ ಕೆಳಗಿನ ಪಟ್ಟಿಯಿಂದ ಅದನ್ನು ಮೆಲ್ಲಗೆ ಪಕ್ಕಕ್ಕೆ ಎಳೆದ. ನಾನು ಭುಜ ಕೊಟ್ಟು ನಿಂತೆ. ನನ್ನ ಕ್ವಿಂಟಲ್ ಹತ್ತು ಕಿಲೋ ಆ ಬೇಸಿಗೆಯಲ್ಲಿ ಉಪಯೋಗಕ್ಕೆ ಬಂದದ್ದು ಅಷ್ಟು ಹೊತ್ತು ಮಾತ್ರ. ಸಿದ್ರಾಮನನ್ನು ಜೀಪಿಗೆ ಹಾಕುವಾಗ ದಪ್ಪ ಹನಿ ಬೀಳತೊಡಗಿದವು. ಶಾಂತಾ ಹತ್ತುವ ಮೊದಲು ನನ್ನನ್ನು ನೋಡಿದಳು.

ಮಿರಜದ ದವಾಖಾನೆಯಲ್ಲಿ ಎಡಗಾಲನ್ನು ಮೊಣಕಾಲಿನಿಂದ ತೆಗೆದರು. ಹತ್ತು ದಿನ ಬಿಟ್ಟು ಮೋಸಂಬಿ ಹಿಡಿದು ಹೋದೆ. ನನ್ನನ್ನು ಕಂಡು ಸಿದ್ರಾಮ ಏಳಲು ನೋಡಿದ. ಅವನೇ ಮೊದಲು ಕ್ಷಮೆ ಕೇಳಿದ: ನಿಮ್ಮ ಬದಲಿಗೆ ಚೀಲ ಇಟ್ಟದ್ದು ತಪ್ಪಾಯಿತು, ನಿಮ್ಮನ್ನು ಕಾಯಬೇಕಿತ್ತು ಎಂದ. ಶಾಂತಾ ಕಿಟಕಿಯ ಕಡೆ ಮುಖ ಮಾಡಿ ಕೂತಿದ್ದಳು. ನಾನು ಮಂಚದ ಸರಳು ಹಿಡಿದುಕೊಂಡೆ.

“ಸಿದ್ರಾಮ, ಆ ಮ್ಯಾಲಿನ ತೂತಿಂದು ನಾ ಚ್ಯಾಷ್ಟಿ ಮಾಡಿದ್ದೋ. ಅಂಗಡ್ಯಾಗ ಕುಂತು ನಿನ್ನ ನಗಸಾಕ ಅಂದಿದ್ದು. ಅದು ಖರೇ ಅಲ್ಲ.”

ಅವನು ನನ್ನನ್ನೇ ನೋಡಿದ. ತುಟಿ ಅಲುಗಿತು. ಆಮೇಲೆ ನಕ್ಕ. ನಾಲ್ಕು ತಿಂಗಳಲ್ಲಿ ಒಮ್ಮೆಯೂ ನಗದವನು, ಕಣ್ಣಲ್ಲಿ ನೀರು ಬರುವಂತೆ, ಕಾಲಿನ ಗಾಯ ಹಿಡಿದುಕೊಂಡು ನಕ್ಕ.

“ಊರಾಗ ಎಲ್ಲಾರೂ ಹೇಳ್ತಿದ್ರು, ದಾದಾ ಭಾಳ ನಗಸ್ತಾರಂತ. ಇವತ್ತ ತಿಳೀತ್ರಿ ನನಗ.”

ಹೆಂಡತಿಯನ್ನು ಕರೆದು, ನೋಡೇ, ನನಗೆ ಬೇಸರ ಆಗಬಾರದೆಂದು ಹೇಗೆ ತಮಾಷೆ ಮಾಡುತ್ತಾರೆ ಎಂದ. ಶಾಂತಾ ನಗಲಿಲ್ಲ. ಅವಳು ಕಿಟಕಿ ಬಿಟ್ಟು ನನ್ನ ಕಡೆ ತಿರುಗಿದ್ದಳು, ಅವಳಿಗೆ ಅರ್ಥವಾಗಿತ್ತು. ನಾನು ಮೋಸಂಬಿ ಅಲ್ಲಿಟ್ಟು ಬಂದೆ. ಇನ್ನೊಮ್ಮೆ ಹೋಗುವ ಧೈರ್ಯವಾಗಲಿಲ್ಲ.

ಸಿದ್ರಾಮ ಅಲಖನೂರಿಗೆ ಮರಳಿದ. ಮನೆಯ ಮುಂದೆ ಹೊರಸಿನ ಮೇಲೆ ಕೂತು ಹೊಸ ಡ್ರೈವರುಗಳಿಗೆ ಜಗ್ಗುವ ವಿದ್ಯೆ ಹೇಳಿಕೊಡುತ್ತಾನೆ ಎಂದು ಸುದ್ದಿ ಬರುತ್ತಿತ್ತು. ಏನು ಹೇಳಿಕೊಡುತ್ತಾನೆ ಎಂದು ನಾನು ಯಾರನ್ನೂ ಕೇಳಲಿಲ್ಲ. ಕೆಲವು ವರ್ಷಗಳ ಹಿಂದೆ ಅವನು ತೀರಿಕೊಂಡ. ನಾನು ಪಂದ್ಯಗಳಿಗೆ ಹೋಗುವುದನ್ನು ಬಿಟ್ಟಿದ್ದೆ. ಚೇಷ್ಟೆ ಮಾತ್ರ ಬಿಡಲಿಲ್ಲ. ಅದನ್ನೂ ಬಿಟ್ಟರೆ ಮಂದಿ ಕಾರಣ ಕೇಳುತ್ತಿದ್ದರು.

ಹೋದ ಬೇಸಿಗೆಯ ಆ ಹೊಲದಲ್ಲಿ ಮಂದಿಯನ್ನು ಸರಿಸಿ ಮುಂದೆ ಹೋದಾಗ, ಈ ಬದಿಯ ಗಾಡಿಯ ಡ್ರೈವರ್ ಸರಪಳಿ ಬಿಗಿಯುತ್ತಿದ್ದ. ಮೇಲೆ, ಸೀಟಿನ ಬೆನ್ನಿಗೆ. ಅಲ್ಲಿ ತೂತಿನ ಸುತ್ತ ದಪ್ಪಗೆ ವೆಲ್ಡಿಂಗ್ ಮಾಡಿಸಿದ್ದ. ಮೂತಿಯ ಮೇಲೆ ನಾಲ್ವರು ದಪ್ಪ ಗಂಡಸರು ಸೆಲ್ಫಿ ತೆಗೆದುಕೊಳ್ಳುತ್ತಿದ್ದರು. ಕೆಳಗೆ ಬಿಗಿ ಎಂದು ಅವನಿಗೆ ಹೇಳಿದೆ.

“ಇದು ಅಲಖನೂರ ಸಿದ್ರಾಮಣ್ಣನ ಕಟ್ರಿ ಅಜ್ಜಾ,” ಎಂದ ಅವನು. “ಚೀಲ ಇಡಬಾರದು, ಮಂದೀನ ಕುಂಡ್ರಸಬೇಕು, ಅಷ್ಟ ನೋಡ್ಕೋಬೇಕು.”

ಅದು ನನ್ನ ಸುಳ್ಳು ಎಂದೆ. ಪಕ್ಕದವನೊಬ್ಬ ನನ್ನ ಗುರುತು ಹಿಡಿದ. ಲೇ, ಇವರು ಶೇಡಬಾಳದ ಹಾಂಡೆ ದಾದಾ, ಬಸ್ಸಿನ ಟಿಕೇಟು ಚೆಕ್ ಮಾಡಿದವರು ಎಂದ. ನಗು ಹೊಲದ ಅಂಚಿನವರೆಗೆ ಹರಡಿತು. ಡ್ರೈವರ್ ನಗುತ್ತಲೇ ಸೀಟು ಹತ್ತಿದ. ಸೀಟಿಯವನು ಗೆರೆಯ ಹತ್ತಿರ ಬಂದು ನಿಂತ.

ನಾನು ನಡೆದು ಹೋಗಿ ಎರಡು ಗಾಡಿಗಳ ನಡುವೆ, ಸರಪಳಿಯ ಮೇಲೆ ಕೂತೆ. ಈಗಲೂ ತೊಂಬತ್ತು ಕಿಲೋ ಇದ್ದೇನೆ. ನನ್ನ ಭಾರಕ್ಕೆ ಸರಪಳಿ ಕೆಳಗೆ ತೂಗಿತು. ಎಂಜಿನ್ನುಗಳು ಎರಡೂ ಕಡೆ ಗುರುಗುಡುತ್ತಿದ್ದವು, ಕಬ್ಬಿಣದ ನಡುಕ ತೊಡೆಯಿಂದ ಎದೆಗೆ ಬಂತು. ಮೈಕಿನವನು ನನ್ನ ಮೇಲೆ ಜೋಕು ಹೊಡೆಯತೊಡಗಿದ. ಮಂದಿ ಹೊಟ್ಟೆ ಹಿಡಿದು ನಕ್ಕರು, ಮೊಬೈಲು ಎತ್ತಿದರು, ಇಬ್ಬರು ಬಂದು ರಟ್ಟೆ ಹಿಡಿದು ಎಳೆದು ಸುಸ್ತಾಗಿ ಹೋದರು. ಬಹಳ ಹೊತ್ತಾಯಿತು. ನಗು ಒಂದೊಂದೇ ಕಡೆಯಿಂದ ಕಡಿಮೆಯಾಗುತ್ತ ಬಂತು. ಮೂತಿಯ ಮೇಲಿದ್ದ ನಾಲ್ವರಲ್ಲಿ ಒಬ್ಬ ಸುಮ್ಮನೆ ಕೆಳಗಿಳಿದ, ಅವನ ಹಿಂದೆ ಇನ್ನೊಬ್ಬ. ಕೊನೆಗೆ ಡ್ರೈವರ್ ಎಂಜಿನ್ನು ಆರಿಸಿ, ಹಿಂದೆ ತಿರುಗಿ ನನ್ನ ಮುಖವನ್ನು ಮೊದಲ ಬಾರಿ ಸರಿಯಾಗಿ ನೋಡಿದ. ಪಾನಾ ಎತ್ತಿಕೊಂಡು ಇಳಿದು ಬಂದ. ಮೇಲಿನ ಪಿನ್ನು ಕಳಚಿದ ಸದ್ದು ಕೇಳುವವರೆಗೆ ನಾನು ಏಳಲಿಲ್ಲ.